ಟೆಸ್ಟಿಗೆ ಮೊದಲು ಚಪಾತಿ ಬಿಡಬೇಡಿ

ನಮ್ಮ ಅಕ್ಕನ ತವರು ತಿಕೋಟಾ, ಗಂಡನ ಮನೆ ಬಬಲೇಶ್ವರ. ನಾಲ್ಕು ವರ್ಷದಿಂದ ಅವಳದು ಒಂದೇ ಗೋಳು. ಹೊಟ್ಟೆ ಉಬ್ಬರ, ಆಗಾಗ ಭೇದಿ, ಯಾವಾಗ್ಲೂ ಸುಸ್ತು. ಹಿಮೋಗ್ಲೋಬಿನ್ 8 ದಾಟಲೇ ಇಲ್ಲ. ಕಬ್ಬಿಣಾಂಶದ ಗುಳಿಗಿ, ಗ್ಯಾಸಿನ ಗುಳಿಗಿ, ಜಂತುಹುಳದ ಗುಳಿಗಿ ಎಲ್ಲಾ ಆದವು. "ಹೊಟ್ಟಿ ತುಂಬ ಉಣ್ಣಂಗಿಲ್ಲ, ಅದಕ್ಕ ಹಿಂಗ ಆಗ್ಯಾಳ" ಅಂತ ಅವಳ ಅತ್ತೆ ತೀರ್ಪು ಕೊಟ್ಟಿದ್ದರು.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ನೋಡಿಕೊಂಡು ತವರಿಗೆ ಬಂದಳು. ಅವ್ವ ಗೋಧಿ ಹುಗ್ಗಿ ಮಾಡಿದ್ದಳು. ಅವತ್ತು ರಾತ್ರಿ ಅಕ್ಕ ಮಲಗಲೇ ಇಲ್ಲ. ನಾನು ಫೋನಿನಲ್ಲಿ ಒಂದಷ್ಟು ಓದಿ, "ಅಕ್ಕಾ, ಗೋಧಿ ಬಿಟ್ಟು ನೋಡು" ಅಂದೆ. ನಮ್ಮ ಕಡೆ ಅದೇನು ಕಷ್ಟ? ಎರಡೂ ಹೊತ್ತು ಜೋಳದ ರೊಟ್ಟಿ. ಬರಬರುತ್ತಾ ಮುಖಕ್ಕೆ ಕಳೆ ಬಂತು. ಐದು ತಿಂಗಳಾದ ಮೇಲೆ, ಖಾತ್ರಿ ಮಾಡಿಕೊಳ್ಳೋಣ ಅಂತ ವಿಜಯಪುರದಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ನೆಗೆಟಿವ್!

ರಿಪೋರ್ಟ್ ಹಿಡಿದು ಇನ್ನೊಬ್ಬ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ರಕ್ತ ಕೊಡೂ ಮುಂದ ಏನ್ ಉಣ್ತಿದ್ರಿ?"

"ಬರೇ ರೊಟ್ಟಿರಿ ಸರ್."

"ಮತ್ತ ಟೆಸ್ಟಿನ್ಯಾಗ ಏನ್ ಕಾಣಬೇಕ್ರಿ?"

ತಪ್ಪು ನನ್ನದು. ಲಾಗ್ ತೆಗೆಯುವ ಮೊದಲೇ ಸರ್ವರ್ ರೀಸ್ಟಾರ್ಟ್ ಮಾಡಿದ್ದೆ.

ವಿಷಯ ಇಷ್ಟು. ಸೀಲಿಯಾಕ್ ಇದ್ದವರ ದೇಹ, ಗೋಧಿ ಮತ್ತು ಬಾರ್ಲಿಯಲ್ಲಿರುವ ಗ್ಲುಟೆನ್ ಕಂಡರೆ ತನ್ನ ಸಣ್ಣ ಕರುಳಿನ ಮೇಲೇ ದಾಳಿ ಮಾಡುತ್ತದೆ. ಕರುಳು ಕಬ್ಬಿಣಾಂಶ ಹೀರಿಕೊಳ್ಳುವುದಿಲ್ಲ. ಗುಳಿಗಿ ನುಂಗಿದರೂ ರಕ್ತ ಏರದಿದ್ದದ್ದು ಇದಕ್ಕೇ. ಟಿಟಿಜಿ-ಐಜಿಎ ಪರೀಕ್ಷೆ ಹುಡುಕುವುದು ಈ ದಾಳಿಯ ಪ್ರತಿಕಾಯಗಳನ್ನು. ಗೋಧಿ ಬಿಟ್ಟರೆ ಅವು ಇಳಿಯುತ್ತವೆ, ಕರುಳೂ ಮಾಯುತ್ತದೆ. ಕಾಯಿಲೆ ಒಳಗೇ ಇರುತ್ತದೆ, ಪರೀಕ್ಷೆಗೆ ಮಾತ್ರ ಸಿಗುವುದಿಲ್ಲ. ಕೆಲವರ ದೇಹದಲ್ಲಿ ಐಜಿಎ ಕಡಿಮೆ ಇರುವುದರಿಂದ, ಜೊತೆಗೆ ಒಟ್ಟು ಐಜಿಎ ಕೂಡ ನೋಡಬೇಕು.

2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ಇದು ಶೇ. 1.23, ದಕ್ಷಿಣದಲ್ಲಿ ಶೇ. 0.10 ಕಂಡಿತ್ತು. ಅನ್ನ ಉಣ್ಣುವ ದಕ್ಷಿಣದಲ್ಲಿ ಇದು ಅಪರೂಪ ಎಂಬ ಭಾವನೆ ಸಹಜ. ಆದರೆ ನಮ್ಮದು ನಡುವಿನ ನಾಡು. ದಿನಾ ರೊಟ್ಟಿ, ಹಬ್ಬಕ್ಕೆ ಹುಗ್ಗಿ, ಹೋಳಿಗೆ, ನಾಷ್ಟಕ್ಕೆ ಉಪ್ಪಿಟ್ಟು. ತ್ರಾಸು ಬರುತ್ತದೆ, ಹೋಗುತ್ತದೆ. ಅದಕ್ಕೇ ಯಾರೂ ಗೋಧಿಯನ್ನು ಅನುಮಾನಿಸುವುದಿಲ್ಲ.

ಡಾಕ್ಟರ ನಿಗಾದಲ್ಲಿ ಅಕ್ಕ ಆರು ವಾರ ದಿನಾ ಎರಡು ಚಪಾತಿ ತಿಂದಳು. ಮತ್ತೆ ಅದೇ ಉಬ್ಬರ, ಅದೇ ಭೇದಿ. "ಇನ್ನ ಎಷ್ಟ್ ದಿನ ಲೇ ತಮ್ಮಾ?" ಅಂತ ಫೋನ್ ಮಾಡುತ್ತಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಸಲ ರಕ್ತ ಪರೀಕ್ಷೆ ಪಾಸಿಟಿವ್ ಬಂತು. ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ಬಯಾಪ್ಸಿಯಲ್ಲಿ ಖಾತ್ರಿ ಮಾಡಿದರು.

ಈಗ ಅವಳ ಜೋಳ ಗಿರಣಿಗೆ ಹೋಗುವುದಿಲ್ಲ. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿದರೆ ಹಿಟ್ಟಿನಲ್ಲಿ ಗೋಧಿ ಕೂಡುತ್ತದೆ. ಮನೆಯಲ್ಲೇ ಸಣ್ಣ ಬೀಸುವ ಮಷೀನು ಬಂದಿದೆ. ಮೈದಾ ಬೆರೆಸಿದ ಇಂಗೂ ಹೊರಗೆ ಹೋಯಿತು. ಹಿಮೋಗ್ಲೋಬಿನ್ 11 ಆಗಿದೆ. ಅತ್ತೆಯೇ ಈಗ ಬಿಸ್ಕೀಟ್ ಪಾಕೀಟು ತಿರುಗಿಸಿ ಓದಿಸಿಕೊಳ್ಳುತ್ತಾರೆ.

ಒಡಹುಟ್ಟಿದವರಿಗೂ ಈ ಕಾಯಿಲೆಯ ಸಾಧ್ಯತೆ ಹೆಚ್ಚು. ಮುಂದಿನ ವಾರ ನಾನೂ ರಕ್ತ ಕೊಡುತ್ತಿದ್ದೇನೆ. ಅಲ್ಲಿಯವರೆಗೆ ದಿನಾ ಚಪಾತಿ. ನಿಮಗೂ ಅನುಮಾನವಿದ್ದರೆ ಗೋಧಿ ಬಿಡಿ, ಆದರೆ ಎಲ್ಲ ಪರೀಕ್ಷೆ ಮುಗಿದ ಮೇಲೆ.