ಮನೆಯ ಹಣ, ಅಂಗಡಿಯ ಹಣ



ರಾಷ್ಟ್ರೀಯ ವಸತಿ ಬ್ಯಾಂಕಿನ ಹೆಸರು ಕೇಳಿದವರು ಅದರ ಶಾಖೆ ಉಮರ್ಗಾದಲ್ಲಿದೆಯೋ ಉದಗೀರದಲ್ಲಿದೆಯೋ ಎಂದು ನಮ್ಮನ್ನು ವಿಚಾರಿಸುವುದುಂಟು. ಎರಡೂ ಕಡೆ ಇಲ್ಲ. ಅದು ನಮಗೆ ನಿಮಗೆ ನೇರವಾಗಿ ಸಾಲ ಕೊಡುವ ಬ್ಯಾಂಕಲ್ಲ. ಮನೆಸಾಲ ಕೊಡುವ ಸಂಸ್ಥೆಗಳಿಗೆ ಹಣ ಒದಗಿಸುವ ಬ್ಯಾಂಕು. ನಮ್ಮ ಪೇಟೆಯ ಮಾತಿನಲ್ಲಿ ಹೇಳುವುದಾದರೆ ಅದು ಠೋಕ ವ್ಯಾಪಾರಿ, ಉಳಿದವರು ಕಿರಕೋಳ ವ್ಯಾಪಾರಿಗಳು.

ಇದು ಯಾಕೆ ಬೇಕಾಯಿತು? ನಮ್ಮ ಸೀಮೆ ನಿಜಾಮರ ಆಡಳಿತದಲ್ಲಿದ್ದಾಗ, 1942ರಲ್ಲಿ, ಹೈದರಾಬಾದ ಸ್ಟೇಟ್ ಬ್ಯಾಂಕು ಆರಂಭವಾಯಿತು. ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎನಿಸಿಕೊಂಡು, 2017ರಲ್ಲಿ ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕುಗಳು ಸರಕಿನ ಮೇಲೆ ಸಾಲ ಕೊಡಲು ಮುಂದಾಗುತ್ತಿದ್ದವು, ಮನೆಗೆ ಹಿಂಜರಿಯುತ್ತಿದ್ದವು. ಅದರಲ್ಲಿ ಲೆಕ್ಕವಿತ್ತು. ಠೇವಣಿ ಇಟ್ಟವನು ಎರಡು ಮೂರು ವರ್ಷಕ್ಕೆ ಹಣ ಕೇಳುತ್ತಾನೆ. ಮನೆಸಾಲ ತೀರಲು ಹದಿನೈದು ಇಪ್ಪತ್ತು ವರ್ಷ ಬೇಕು. ಹೀಗಾಗಿ ಮನೆ ಕಟ್ಟುವವನಿಗೆ ಬಂಗಾರವೇ ಆಧಾರವಾಗಿತ್ತು.

1970ರಲ್ಲಿ ಸರ್ಕಾರ ಹುಡ್ಕೋ ಸ್ಥಾಪಿಸಿತು. 1977ರಲ್ಲಿ ಮುಂಬಯಿಯಲ್ಲಿ ಶ್ರೀ ಹಸಮುಖ ಪಾರೇಖರು ಎಚ್‌ಡಿಎಫ್‌ಸಿ ಸ್ಥಾಪಿಸಿದರು. ಐಸಿಐಸಿಐ ಸಂಸ್ಥೆಯಲ್ಲಿ ದುಡಿದು ನಿವೃತ್ತರಾದ ಬಳಿಕ, ಅರವತ್ತು ದಾಟಿದ ವಯಸ್ಸಿನಲ್ಲಿ ಕೈಗೆತ್ತಿಕೊಂಡ ಕೆಲಸವಿದು. ನಮ್ಮ ವಯಸ್ಸಿನವರು ಇದನ್ನು ಗಮನಿಸಬೇಕು. ಬೆಂಗಳೂರಿನಲ್ಲಿ ಕೆನರಾ ಬ್ಯಾಂಕು 1987ರಲ್ಲಿ ಕ್ಯಾನ್ ಫಿನ್ ಹೋಮ್ಸ್ ತೆರೆಯಿತು. ಅದೇ ವರ್ಷ ಫೆಬ್ರವರಿಯ ಮುಂಗಡಪತ್ರದಲ್ಲಿ ಪ್ರಧಾನಿ ರಾಜೀವ ಗಾಂಧಿಯವರು ವಸತಿ ಬ್ಯಾಂಕನ್ನು ಘೋಷಿಸಿದರು. ಅದಕ್ಕಾಗಿ ಕಾಯದೆಯಾಗಿ, 1988ರ ಜುಲೈ ತಿಂಗಳಲ್ಲಿ ಬ್ಯಾಂಕು ಕೆಲಸ ಆರಂಭಿಸಿತು. ಆಗ ಅದು ರಿಸರ್ವ್ ಬ್ಯಾಂಕಿನ ಒಡೆತನದಲ್ಲಿತ್ತು. 2019ರಲ್ಲಿ ಕೇಂದ್ರ ಸರ್ಕಾರದ ಕೈಗೆ ಬಂತು.

1989ರ ಜುಲೈಯಲ್ಲಿ ಈ ಬ್ಯಾಂಕು ಗೃಹಸಾಲ ಖಾತೆ ಎಂಬ ಯೋಜನೆ ತಂದಿತು. ಐದು ವರ್ಷ ತಪ್ಪದೆ ಉಳಿಸಿದವನಿಗೆ, ಉಳಿತಾಯಕ್ಕೆ ತಕ್ಕಂತೆ ಸಾಲ ಸಿಗುವ ವ್ಯವಸ್ಥೆ ಅದು. ಆ ಯೋಜನೆ ಈಗಿಲ್ಲ. ಆದರೆ ಅದರ ತತ್ವ ಹಳೆಯದಾಗಿಲ್ಲ: ಮೊದಲು ಉಳಿತಾಯ, ಆಮೇಲೆ ಸಾಲ.

ನಮ್ಮ ವ್ಯಾಪಾರಿ ಮನೆತನಗಳು ಎಡವುವುದು ಇಲ್ಲಿಯೇ. ಅಂಗಡಿಯ ಗಲ್ಲೆಯಿಂದಲೇ ಇಟ್ಟಂಗಿ, ಅದರಿಂದಲೇ ಸಿಮೆಂಟು. ಹಬ್ಬದ ಸುಗ್ಗಿ ಬಂದಾಗ ಸರಕು ತುಂಬಲು ಹಣವಿಲ್ಲ, ಮನೆಗೆ ಛಾವಣಿಯೂ ಇಲ್ಲ. ಮಾಸ್ತರನಿಗೆ ಸಂಬಳದ ಚೀಟಿ ತೋರಿಸಿದರೆ ಸಾಲ ದೊರೆಯುತ್ತದೆ. ಅವನಿಗಿಂತ ಹೆಚ್ಚು ಗಳಿಸುವ ಕಿರಾಣಿ ಅಂಗಡಿಯವನು ಬರಿಗೈಲಿ ಮರಳುತ್ತಾನೆ. ಕಾರಣ, ಕಚ್ಚಾ ಚೋಪಡಿಯಲ್ಲಿರುವ ಗಳಿಕೆ ಬ್ಯಾಂಕಿನ ಕಣ್ಣಿಗೆ ಗಳಿಕೆಯೇ ಅಲ್ಲ. ಆದಾಯ ತೆರಿಗೆಯ ಪತ್ರಕ, ಬ್ಯಾಂಕ್ ಖಾತೆಯ ವಹಿವಾಟು ಇವೇ ನಮ್ಮ ಸಂಬಳದ ಚೀಟಿ. ಇವು ಒಂದು ತಿಂಗಳಲ್ಲಿ ತಯಾರಾಗುವಂಥವಲ್ಲ, ವರ್ಷಗಟ್ಟಲೆ ಬೇಕು.

ಇನ್ನೊಂದು ತೊಡಕು ಜಾಗದ ಕಾಗದದ್ದು. ಹಳ್ಳಿಯ ಗಾವಠಾಣದಲ್ಲಿ ತಲೆಮಾರಿನಿಂದ ಬಾಳಿದ ಮನೆಗೂ ಎಷ್ಟೋ ಕಡೆ ಒತ್ತೆಯಿಡಬಹುದಾದ ದಾಖಲೆಯಿರಲಿಲ್ಲ. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್‌ನಿಂದ ಹಳ್ಳಿಯ ವಸತಿ ಅಳೆದು ಮಾಲೀಕನಿಗೆ ಪ್ರಾಪರ್ಟಿ ಕಾರ್ಡ್ ಕೊಡುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ ಮನೆಯುಳ್ಳವರು ಅದರಲ್ಲಿ ಅಣ್ಣತಮ್ಮಂದಿರ ಹೆಸರು ಸರಿಯಾಗಿ ಬಂದಿದೆಯೇ ನೋಡಿಕೊಳ್ಳಬೇಕು.

ಮನೆಯ ಗಟ್ಟಿತನದ ಬಗ್ಗೆ ನಮ್ಮ ಭಾಗದವರಿಗೆ ಬೇರೆ ಹೇಳಬೇಕಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ನಾಲ್ಕರ ಸುಮಾರಿಗೆ ಕಿಲ್ಲಾರಿ, ಸಾಸ್ತೂರ ಸುತ್ತ ಭೂಮಿ ನಡುಗಿದಾಗ, ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳೂ ಭಾರದ ಮಾಳಿಗೆಗಳೂ ಮಲಗಿದ್ದವರ ಮೇಲೆ ಬಿದ್ದವು. ಸಾವಿರಾರು ಜನ ತೀರಿಕೊಂಡರು. ಭಾರತೀಯ ಜೈನ ಸಂಘಟನೆ 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ಓದಿಸಿತು. ಆದ್ದರಿಂದ ಮನೆಸಾಲವೆಂದರೆ ಬಣ್ಣ, ಫರಸಿಯ ವೆಚ್ಚವಷ್ಟೇ ಅಲ್ಲ. ಮೊದಲು ಅದು ಪಾಯಕ್ಕೂ ಕಬ್ಬಿಣಕ್ಕೂ ಸಲ್ಲಬೇಕು. ಕೆಲಸ ಮೇಲೇರಿದಂತೆ ಬ್ಯಾಂಕು ಕಂತಿನಲ್ಲಿ ಹಣ ಬಿಡುವುದನ್ನು ಕಿರಿಕಿರಿ ಎನ್ನಬಾರದು. ಆ ನೆಪದಲ್ಲಿ ಜಾಣ ಎಂಜಿನಿಯರನಿಂದ ಗೋಡೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಮದುವೆಯಾದ ಮಗನಿರುವ ಪ್ರತಿ ಮನೆಯವರಿಗೂ ನಮ್ಮ ವಿನಂತಿ ಇಷ್ಟೇ: ಮನೆಗೆಂದು ಪ್ರತ್ಯೇಕ ಖಾತೆ ತೆರೆಯಿರಿ, ತಿಂಗಳಿಗೆ ನಿಗದಿತ ಮೊತ್ತ ಹಾಕಿರಿ, ಅಂಗಡಿಗೆ ಎಷ್ಟೇ ತುರ್ತಾದರೂ ಅದನ್ನು ಮುಟ್ಟಬೇಡಿರಿ. ಐದು ವರ್ಷದ ನಂತರ ಬ್ಯಾಂಕಿನ ಬಾಗಿಲಲ್ಲಿ ಆ ಪಾಸ್‌ಬುಕ್ಕೇ ನಿಮ್ಮ ಪರವಾಗಿ ಮಾತಾಡುತ್ತದೆ.