ಕಳ್ಳನ ಚೀಟಿಗೆ 28 ಭಾಷೆ, ನಮ್ಮ ಮನೆ ಬೀಗಕ್ಕೆ ಇಂಗ್ಲಿಷ್ ಒಂದೇ!



2017ರ ಮೇ 12ರಂದು ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶವೊಂದು ಜಗತ್ತಿನ ಕಂಪ್ಯೂಟರ್‌ಗಳ ಮೇಲೆ ಬಿತ್ತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳು ಕೆಟ್ಟು ಕೂತವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳು ನಿಂತವು. ಪಕ್ಕದ ಆಂಧ್ರದ ಪೊಲೀಸರ ಕಂಪ್ಯೂಟರ್‌ಗಳನ್ನೂ ಅದು ಬಿಡಲಿಲ್ಲ. ಕಡತಗಳಿಗೆಲ್ಲ ಬೀಗ ಜಡಿದು, 300 ಡಾಲರ್ ಕೊಟ್ಟರೆ ಬಿಡುತ್ತೇನೆ ಎಂದು ಪರದೆಯ ಮೇಲೆ ಚೀಟಿ ಅಂಟಿಸುವುದು ಅದರ ಕಸುಬು.

ಆ ಚೀಟಿ ಎಷ್ಟು ಭಾಷೆಗಳಲ್ಲಿತ್ತು ಗೊತ್ತೆ? 28! ಲಾಟ್ವಿಯನ್ ಭಾಷೆಯಲ್ಲೂ ಇತ್ತು. ಲಾಟ್ವಿಯಾ ದೇಶದ ಒಟ್ಟು ಜನಸಂಖ್ಯೆ ಇಪ್ಪತ್ತು ಲಕ್ಷವನ್ನೂ ಮುಟ್ಟುವುದಿಲ್ಲ. 2011ರ ಜನಗಣತಿಯ ಪ್ರಕಾರ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಭಾರತದ ಯಾವ ಭಾಷೆಯೂ ಇರಲಿಲ್ಲ.

ಕಳ್ಳ ಕನ್ನಡದಲ್ಲಿ ಬರೆಯಲಿಲ್ಲವಲ್ಲ ಎಂದು ಅಳುವುದು ನಮ್ಮ ಕೆಲಸವಲ್ಲ. ಮನುಷ್ಯನನ್ನು ಹೆದರಿಸಬೇಕಾದರೆ ಅವನ ಭಾಷೆಯಲ್ಲೇ ಹೆದರಿಸಬೇಕು ಎಂಬುದು ಕಳ್ಳನಿಗೆ ಗೊತ್ತು. ಎಚ್ಚರಿಸಬೇಕಾದರೂ ಅವನ ಭಾಷೆಯಲ್ಲೇ ಎಚ್ಚರಿಸಬೇಕು ಎಂಬುದು ನಮ್ಮ ಸರ್ಕಾರಕ್ಕೆ, ಬ್ಯಾಂಕುಗಳಿಗೆ, ಕಂಪ್ಯೂಟರ್ ಮಾರುವ ಕಂಪೆನಿಗಳಿಗೆ ಇನ್ನೂ ತಿಳಿದಿಲ್ಲವಲ್ಲ, ಅದು ಹೊಟ್ಟೆಯುರಿಯ ಸಂಗತಿ.

ಸಂಗಮದಲ್ಲಿ ಇಂಗ್ಲಿಷ್ ಬೋರ್ಡು!

ನೀವು ಕೆಲಸಕ್ಕೆಂದು ಮೈಸೂರು, ಬೆಂಗಳೂರು ಸೇರಿದ್ದೀರಿ. ಕಾಲೇಜಿನ ದಿನಗಳಲ್ಲಿ ಕೊಂಡ ಕಂಪ್ಯೂಟರ್ ತಿ. ನರಸೀಪುರದ ಮನೆಯಲ್ಲೋ ನಂಜನಗೂಡಿನ ಮನೆಯಲ್ಲೋ ಕೂತಿದೆ. ಅಪ್ಪ ಅದರಲ್ಲಿ ಪಹಣಿ ನೋಡುತ್ತಾರೆ, ಬ್ಯಾಂಕಿನ ಲೆಕ್ಕ ನೋಡುತ್ತಾರೆ. ತಂಗಿ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಾಳೆ. ಒಂದು ದಿನ ಪರದೆ ಮಬ್ಬಾಗಿ ನಡುವೆ ಚೌಕವೊಂದು ಮೂಡುತ್ತದೆ. ಈ ತಂತ್ರಾಂಶ ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಲು ಬಿಡುತ್ತೀರಾ ಎಂದು ಕೇಳುತ್ತದೆ. ಹಳದಿ ಪಟ್ಟಿ ಇದ್ದರೆ, ಇದನ್ನು ತಯಾರಿಸಿದವರು ಯಾರೋ ತಿಳಿಯದು ಎಂದು ಅರ್ಥ. ಆ ಮನೆಯ ಬಾಗಿಲಿನ ಕೊನೆಯ ಚಿಲಕ ಅದು. ಆದರೆ ಎಲ್ಲವೂ ಇಂಗ್ಲಿಷಿನಲ್ಲಿ! ಅಪ್ಪ ‘ಯೆಸ್’ ಒತ್ತುತ್ತಾರೆ. ಆಮೇಲೆ ಫೋನು: ‘ಏನೋ ಬಂತು ಕಣಪ್ಪಾ, ಒತ್ತಿಬಿಟ್ಟೆ.’

ತಪ್ಪು ಯಾರದು? ಕಾವೇರಿ, ಕಪಿಲೆ ಕೂಡುವ ಜಾಗದಲ್ಲಿ ‘ಸುಳಿ ಇದೆ, ಇಳಿಯಬೇಡಿ’ ಎಂಬ ಬೋರ್ಡನ್ನು ಇಂಗ್ಲಿಷಿನಲ್ಲಿ ಮಾತ್ರ ನೆಟ್ಟು, ಮುಳುಗಿದವನನ್ನೇ ದಡ್ಡ ಎಂದು ಬೈಯುತ್ತೇವೆಯೆ? ಕಂಪ್ಯೂಟರ್ ವಿಷಯದಲ್ಲಿ ಮಾತ್ರ ನಿತ್ಯ ಹಾಗೇ ಬೈಯುತ್ತಿದ್ದೇವೆ.

ಕಂಪ್ಯೂಟರಿಗೆ ಕನ್ನಡ ಬರೆಯಲು ಕಲಿಸಿದ್ದು ದೊಡ್ಡ ಹೋರಾಟ. ಕೆ.ಪಿ. ರಾವ್ ಕೀಲಿಮಣೆ ರೂಪಿಸಿದರು. ಶೇಷಾದ್ರಿವಾಸು 1998ರಲ್ಲಿ ‘ಬರಹ’ ಕೊಟ್ಟರು. ಕನ್ನಡ ಗಣಕ ಪರಿಷತ್ತು ‘ನುಡಿ’ ಕೊಟ್ಟಿತು. ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಪಟ್ಟು ಹಿಡಿದು ಕೂತರು. ಇಂದು ನಾವು ಕಂಪ್ಯೂಟರಿಗೆ ಕನ್ನಡದಲ್ಲಿ ಹೇಳಬಲ್ಲೆವು. ಕಂಪ್ಯೂಟರ್ ನಮಗೆ ಕನ್ನಡದಲ್ಲಿ ಹೇಳಬೇಕಾದ ಅರ್ಧ ಹೋರಾಟ ಬಾಕಿ ಇದೆ. ಹಾಗೆಂದು ಏನೂ ಇಲ್ಲವೆಂದಲ್ಲ. ವಿಂಡೋಸ್‌ಗೆ ಕನ್ನಡದ ಹೊದಿಕೆ ಸಿಗುತ್ತದೆ. ಫೈರ್‌ಫಾಕ್ಸ್ ಅನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ನವೆಂಬರ್ ಒಂದಕ್ಕೆ ಬೈಕಿಗೆ ಬಾವುಟ ಕಟ್ಟುವ ಗೆಳೆಯರೇ, ನಿಮ್ಮಲ್ಲಿ ಎಷ್ಟು ಮಂದಿ ಅಪ್ಪನ ಕಂಪ್ಯೂಟರಿಗೆ ಕನ್ನಡ ಹಾಕಿಕೊಟ್ಟಿದ್ದೀರಿ?

ಹಬ್ಬಕ್ಕೆ ಊರಿಗೆ ಹೋದಾಗ

ಘೋಷಣೆ ಕೂಗಿದ ಗಂಟಲಿಗೆ ಸ್ವಲ್ಪ ವಿಶ್ರಾಂತಿ ಕೊಟ್ಟು ಒಂದು ಮಧ್ಯಾಹ್ನ ಈ ಕೆಲಸ ಮಾಡಿ.

ಒಂದು: ಅಪ್‌ಡೇಟ್ ನಿಲ್ಲಿಸಬೇಡಿ. ವನ್ನಾಕ್ರೈ ನುಗ್ಗಿದ ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಕೊಟ್ಟಿತ್ತು. ಎರಡು ತಿಂಗಳಾದರೂ ಹಾಕಿಕೊಳ್ಳದವರೇ ಸಿಕ್ಕಿಬಿದ್ದರು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮಾಮೂಲಿ ತೇಪೆ ನಿಂತಿದೆ. ತೇಪೆ ಬರದ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಬೇಡ. ಹೊಸದು ಕೊಳ್ಳಲು ಕೈಯಲ್ಲಿ ಕಾಸಿಲ್ಲದಿದ್ದರೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ. ಅನುವಾದ ಪೂರ್ತಿಯಾಗಿಲ್ಲದಿದ್ದರೂ ಅದರಲ್ಲೂ ಕನ್ನಡ ಇದೆ.

ಎರಡು: ಎರಡು ಖಾತೆ ಮಾಡಿ. ಯಜಮಾನಿಕೆಯ ಖಾತೆಯ ಪಾಸ್‌ವರ್ಡ್ ನಿಮ್ಮಲ್ಲಿರಲಿ, ಮನೆಯವರ ಬಳಕೆಗೆ ಸಾಮಾನ್ಯ ಖಾತೆ ಇರಲಿ. ಆಗ ಬರೀ ‘ಯೆಸ್’ ಒತ್ತಿದರೆ ಚಿಲಕ ತೆಗೆಯುವುದಿಲ್ಲ, ಪಾಸ್‌ವರ್ಡ್ ಕೇಳುತ್ತದೆ.

ಮೂರು: ಕದ್ದ ತಂತ್ರಾಂಶ ಬೇಡವೇ ಬೇಡ. ‘ಕ್ರ್ಯಾಕ್’ ಮಾಡಿದ್ದನ್ನು ಹಾಕುವಾಗ ಆಂಟಿವೈರಸ್ ಆರಿಸಿ ಎನ್ನುತ್ತಾರೆ. ನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆಗೆಯಿರಿ ಎಂದ ಹಾಗೆ! ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಚಾಲೂ ಇದ್ದರೆ ಮನೆಗೆ ಅದು ಸಾಕು. ನುಡಿ, ಬರಹಗಳನ್ನೂ ಅವುಗಳ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ.

ನಾಲ್ಕು: ಮದುವೆಯ ಫೋಟೋ, ಜಮೀನಿನ ಪತ್ರ, ಅಂಕಪಟ್ಟಿಗಳ ನಕಲನ್ನು ಬೇರೊಂದು ಹಾರ್ಡ್ ಡಿಸ್ಕಿಗೆ ಹಾಕಿ, ವೈರು ಕಿತ್ತು ಬೀರುವಿನಲ್ಲಿಡಿ. ಚುಚ್ಚಿಯೇ ಬಿಟ್ಟರೆ ಕಳ್ಳ ಅದಕ್ಕೂ ಬೀಗ ಜಡಿಯುತ್ತಾನೆ.

ಐದು: ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಎಂದು ಪರದೆ ಕಿರುಚಿದರೆ ಮಾಡಬೇಡಿ. ಯಾರೋ ಫೋನ್ ಮಾಡಿ ಎನಿಡೆಸ್ಕ್, ಟೀಮ್‌ವ್ಯೂವರ್ ಹಾಕಿಕೊಳ್ಳಿ ಎಂದರೆ ಇಟ್ಟುಬಿಡಿ. ಅದನ್ನು ಹಾಕಿಕೊಂಡರೆ ನಿಮ್ಮ ಯಂತ್ರ ಅವನ ಕೈಯಲ್ಲಿ. ಅವನು ಚೆಂದದ ಕನ್ನಡ ಆಡಬಹುದು. ಕನ್ನಡ ಆಡಿದ ಮಾತ್ರಕ್ಕೆ ಕಳ್ಳ ನೆಂಟನಾಗುವುದಿಲ್ಲ.

ಆರು: ವೈಫೈ ಡಬ್ಬಿಯ ಜೊತೆ ಬಂದ ಪಾಸ್‌ವರ್ಡ್ ಬದಲಿಸಿ. ಇಮೇಲಿಗೊಂದು, ಬ್ಯಾಂಕಿಗೊಂದು ಬೇರೆ ಬೇರೆ ಇರಲಿ.

ಕೊನೆಗೆ ಒಂದು ರಟ್ಟಿನ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಪರದೆಯ ಪಕ್ಕ ಅಂಟಿಸಿ: ‘ಅಪ್ಪಾ, ತಿಳಿಯದಿದ್ದರೆ ನೋ ಒತ್ತಿ. ನನಗೆ ಫೋನ್ ಮಾಡಿ. ದುಡ್ಡು ಹೋದರೆ ತಕ್ಷಣ 1930.’ ಆ ಸಂಖ್ಯೆಗೆ ಬೇಗ ಕರೆ ಮಾಡಿದಷ್ಟೂ, ಹೋದ ಹಣ ಇನ್ನೊಬ್ಬರ ಖಾತೆಗೆ ಜಿಗಿಯುವ ಮುಂಚೆ ತಡೆಯುವ ಸಾಧ್ಯತೆ ಹೆಚ್ಚು.

ಕೇಳಬೇಕಾದ್ದನ್ನು ಕೇಳೋಣ

ಮನೆ ಕಾಯುವುದು ನಮ್ಮ ಕೆಲಸ, ಸರಿ. ಆದರೆ ಸರ್ಕಾರ ಕೈ ಕಟ್ಟಿ ಕೂರುವಂತಿಲ್ಲ. ಬ್ಯಾಂಕ್ ಚಲನ್ ಕನ್ನಡದಲ್ಲಿರಲಿ ಎಂದು ಹೋರಾಡಿದ ಚಳವಳಿ ನಮ್ಮದು. ಇಂದು ಚಲನ್ನಿನ ಜಾಗದಲ್ಲಿ ಪರದೆ ಬಂದಿದೆ, ಬೇಡಿಕೆ ಬದಲಾಗಿಲ್ಲ. ಕರ್ನಾಟಕದಲ್ಲಿ ಮಾರುವ ಕಂಪ್ಯೂಟರ್ ಪೆಟ್ಟಿಗೆ ಬಿಚ್ಚಿದ ದಿನವೇ ಕನ್ನಡ ಬೇಕೆ ಎಂದು ಕೇಳಬೇಕು. ಸರ್ಕಾರ ತನ್ನ ಕಚೇರಿ, ಶಾಲೆಗಳಿಗೆ ಕೊಳ್ಳುವ ಯಂತ್ರಗಳಲ್ಲಿ ಇದನ್ನು ಟೆಂಡರಿನ ಷರತ್ತಾಗಿಸಬೇಕು. ಕೇಂದ್ರದ ‘ಸರ್ಟ್-ಇನ್’ ಹೊರಡಿಸುವ ಎಚ್ಚರಿಕೆಗಳು ಅದೇ ದಿನ ಕನ್ನಡದಲ್ಲೂ ಬರಬೇಕು. ಕನ್ನಡ ಈ ರಾಜ್ಯದ ಆಡಳಿತ ಭಾಷೆ, 1963ರ ಕಾನೂನೇ ಇದೆ. ಠಾಣೆಯಲ್ಲಿ ಸೈಬರ್ ದೂರನ್ನು ಇಂಗ್ಲಿಷಿನಲ್ಲಿ ಬರೆದು ತನ್ನಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಕನ್ನಡದಲ್ಲೇ ಕೊಡಿ.

ಗುಂಜಾ ನರಸಿಂಹನ ಊರಿನ ಹುಡುಗರು ನೀವು. ನಮ್ಮೂರು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೀರಿ. ಕಳ್ಳನಿಗಿಂತ ನಿಮ್ಮ ಎಚ್ಚರ ಅಷ್ಟೇ ಒಂದು ಗುಲಗಂಜಿ ಹೆಚ್ಚಿರಲಿ. ಮೊದಲು ನಿಮ್ಮ ಮನೆ, ಆಮೇಲೆ ಪಕ್ಕದ ಮನೆ, ಆಮೇಲೆ ಬೀದಿ. ಈ ಹಬ್ಬಕ್ಕೇ ಶುರು ಮಾಡಿ.