ನಕ್ಷತ್ರಕ್ಕೆ ಗುರಿಯಿಡುವುದು

ಮದುವೆಯ ಮಂಟಪದಿಂದ ಹೊರಬಂದ ವಧೂವರರಿಗೆ ಪುರೋಹಿತರು ಆಕಾಶದ ಕಡೆ ಕೈನೀಡಿ ಅರುಂಧತಿಯನ್ನು ತೋರಿಸುವುದುಂಟು. ಎಷ್ಟೋ ಸಲ ಅದು ನಡುಹಗಲು. ಆದರೂ ವಧೂವರರು ಕಂಡೆವೆಂದು ತಲೆದೂಗುತ್ತಾರೆ. ಇದರಿಂದ ಯಾರಿಗೂ ನಷ್ಟವಿಲ್ಲ. ಖಗೋಳ ವಿಜ್ಞಾನಿಯ ಪಾಡು ಹಾಗಲ್ಲ. ಆತನು ಅರಸುವ ಕಾಯವು ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿದರೂ ಕಾಣದಷ್ಟು ಮಸುಕಾಗಿರಬಹುದು. ಯಂತ್ರವು ತಪ್ಪಿ ನೆರೆಯ ನಕ್ಷತ್ರಕ್ಕೆ ಮುಖಮಾಡಿತೆನ್ನಿ, ಇರುಳೆಲ್ಲ ಕೂಡಿಟ್ಟ ಬೆಳಕು ಮತ್ತಾರದೋ ಆಗಿಬಿಡುತ್ತದೆ.

ಈ ಗುರಿ ಎಷ್ಟು ಸೂಕ್ಷ್ಮವಾದುದೆಂಬುದನ್ನು ನಮ್ಮ ಜ್ಯೋತಿಷಗ್ರಂಥಗಳ ಮಾನದಿಂದಲೇ ತಿಳಿಯಬಹುದು. ವೃತ್ತಕ್ಕೆ 360 ಅಂಶ. ಅಂಶಕ್ಕೆ 60 ಕಲೆ. ಕಲೆಗೆ 60 ವಿಕಲೆ. ಪೂರ್ಣಚಂದ್ರನ ಅಗಲ ಸುಮಾರು 1,800 ವಿಕಲೆ. ಅಂಗುಲದಗಲದ ನಾಣ್ಯವೊಂದನ್ನು 5 ಕಿಲೋಮೀಟರ್ ಆಚೆ ನಿಲ್ಲಿಸಿದರೆ ಅದು ಹೆಚ್ಚುಕಡಿಮೆ ಒಂದು ವಿಕಲೆಯಷ್ಟು ಕಾಣುತ್ತದೆ. ನೂರಾರು ಟನ್ ತೂಗುವ ಉಕ್ಕಿನ ಯಂತ್ರವು ಇಂತಹ ಒಂದೆರಡು ವಿಕಲೆಗಳೊಳಗೆ ಗುರಿಮುಟ್ಟಬೇಕು!

ಅಮೆರಿಕದ ಪಾಲೋಮಾರ್ ಬೆಟ್ಟದ ಮೇಲೆ 1948ರಲ್ಲಿ ಲೋಕಾರ್ಪಣೆಗೊಂಡ ಹೇಲ್ ದೂರದರ್ಶಕದ ಕನ್ನಡಿ 200 ಅಂಗುಲ ವ್ಯಾಸದ್ದು. ಅದರ ಚಲಿಸುವ ಭಾಗವೇ 500 ಟನ್ನಿಗೂ ಮಿಕ್ಕಿದ್ದು, ಎಣ್ಣೆಯ ತೆಳುಪದರದ ಮೇಲೆ ತೇಲುತ್ತ ತಿರುಗುತ್ತದೆ. ಅಷ್ಟು ಭಾರದ ಕೊಳವೆ ಬಾಗದಂತೆ ಮಾಡುವುದು ಯಾರಿಂದಲೂ ಆಗದ ಮಾತು. ಮಾರ್ಕ್ ಸೆರೂರಿಯೆ ಎಂಬ ಎಂಜಿನಿಯರ್ ಅದರ ಗೊಡವೆಗೆ ಹೋಗಲಿಲ್ಲ. ಮೇಲಿನ ತುದಿ ಎಷ್ಟು ಜಗ್ಗುವುದೋ ಕೆಳಗಿನ ತುದಿಯೂ ಅಷ್ಟೇ ಜಗ್ಗಿ, ಎರಡೂ ಒಂದಕ್ಕೊಂದು ಸಮಾಂತರವಾಗಿ ಉಳಿಯುವಂತೆ ಉಕ್ಕಿನ ಚೌಕಟ್ಟನ್ನು ಹೆಣೆದನು.

ಯಂತ್ರದ ದೋಷಗಳು ಇದೊಂದೇ ಅಲ್ಲ. ಅಕ್ಷವು ಧ್ರುವಕ್ಕೆ ನೇರವಾಗಿರುವುದಿಲ್ಲ. ಎರಡು ಅಕ್ಷಗಳ ನಡುವಣ ಲಂಬಕೋನದಲ್ಲಿ ಕೂದಲೆಳೆಯಷ್ಟು ಕೊರತೆಯಿರುತ್ತದೆ. ಆಕಾಶವಾದರೂ ಪ್ರಾಮಾಣಿಕವೇ? ವಾಯುಮಂಡಲವು ಬೆಳಕನ್ನು ಬಗ್ಗಿಸಿ, ದಿಗಂತದ ನಕ್ಷತ್ರವನ್ನು ಅರ್ಧ ಅಂಶಕ್ಕಿಂತಲೂ ಮೇಲೆತ್ತಿ ತೋರಿಸುತ್ತದೆ. ನಡು ಎತ್ತರದಲ್ಲಿಯೂ ಈ ವಂಚನೆ ಒಂದು ಕಲೆಯಷ್ಟಿದೆ. ಪಂಚಾಂಗ ಬಲ್ಲವರಿಗೆ ಪರಿಚಿತವಾದ ಅಯನಚಲನೆಯೂ ಉಂಟು: ವರ್ಷಕ್ಕೆ ಸುಮಾರು 50 ವಿಕಲೆ. ಇವೆಲ್ಲವನ್ನೂ ಲೆಕ್ಕಹಾಕಿಯೇ ಯಂತ್ರಕ್ಕೆ ಆಜ್ಞೆ ಕೊಡಬೇಕು.

ಆಸ್ಟ್ರೇಲಿಯದ ಸೈಡಿಂಗ್ ಸ್ಪ್ರಿಂಗ್ ಬೆಟ್ಟದಲ್ಲಿ 1974ರಲ್ಲಿ ಉದ್ಘಾಟನೆಗೊಂಡ 3.9 ಮೀಟರ್ ದೂರದರ್ಶಕವು ಈ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿದ ಮೊದಲಿಗರ ಸಾಲಿಗೆ ಸೇರಿದ್ದು. ಅಲ್ಲಿ ಪ್ಯಾಟ್ರಿಕ್ ವಾಲೇಸ್ ಬೆಳೆಸಿದ ವಿಧಾನ ಬಹು ಸೊಗಸಾದುದು. ಸ್ಥಾನವು ನಿಖರವಾಗಿ ತಿಳಿದಿರುವ ಹತ್ತಾರು ನಕ್ಷತ್ರಗಳನ್ನು ಆಕಾಶದ ಎಲ್ಲ ಮೂಲೆಗಳಿಂದ ಆರಿಸಿ, ಒಂದೊಂದಕ್ಕೂ ಗುರಿಯಿಟ್ಟು, ಎಷ್ಟು ತಪ್ಪಿತೆಂದು ಬರೆದುಕೊಳ್ಳುತ್ತಾರೆ. ಪ್ರತಿಯೊಂದು ದೋಷಕ್ಕೂ ತನ್ನದೇ ಹೆಜ್ಜೆಗುರುತಿದೆ. ಕೊಳವೆಯ ಬಾಗು ನೆತ್ತಿಯ ಮೇಲೆ ಇಲ್ಲವಾಗಿ, ದಿಗಂತದ ಕಡೆ ವಾಲಿದಂತೆಲ್ಲ ಹೆಚ್ಚುತ್ತದೆ. ಅಕ್ಷದ ಓರೆಯು ಮೂಡಲಲ್ಲೊಂದು ಬಗೆ, ಪಡುವಲಲ್ಲೊಂದು ಬಗೆ. ಈ ಗುರುತುಗಳಿಂದ ದೋಷಗಳನ್ನು ಬಿಡಿಬಿಡಿಯಾಗಿ ಹಿಡಿದು, ಅಷ್ಟನ್ನು ಕಳೆದು ಕೂಡಿಸಿ, ಕಂಪ್ಯೂಟರು ಆಜ್ಞೆ ಕೊಡುತ್ತದೆ. ಯಂತ್ರವು ಬಾಗುತ್ತಲೇ ಇರುತ್ತದೆ. ಗುರಿ ಮಾತ್ರ ತಪ್ಪುವುದಿಲ್ಲ.

ಆದರೆ ಇದಕ್ಕೊಂದು ನಿಬಂಧನೆಯುಂಟು. ಮನೆಯ ಗಡಿಯಾರ ಸದಾ ಐದು ನಿಮಿಷ ಮುಂದಿದ್ದರೆ ಸಂಸಾರವೇನೂ ಕೆಡುವುದಿಲ್ಲ. ಶಾಲೆಗೆ ಹೋಗುವ ಮಗುವೂ ಅದನ್ನು ಕಳೆದೇ ಓದುತ್ತದೆ. ಇಂದು ಮುಂದೆ, ನಾಳೆ ಹಿಂದೆ ಓಡುವ ಗಡಿಯಾರವನ್ನು ಏನು ಮಾಡುವುದು? ದೂರದರ್ಶಕವೂ ಹಾಗೆಯೇ. ಪ್ರತಿಸಲವೂ ಒಂದೇ ತೆರನಾಗಿ ತಪ್ಪುವುದನ್ನು ಗಣಿತ ತಿದ್ದಬಲ್ಲುದು. ಸಡಿಲವಾದ ತಿರುಪಿನಿಂದಲೋ, ತನ್ನ ತೊಟ್ಟಿಲಲ್ಲಿ ಜರುಗುವ ಕನ್ನಡಿಯಿಂದಲೋ ಮನಬಂದಂತೆ ತಪ್ಪಿದರೆ ಗಣಿತ ಕೈಚೆಲ್ಲುತ್ತದೆ. ಆಗ ಸ್ಪ್ಯಾನರು ಹಿಡಿದು ಏಣಿಯೇರಬೇಕಾದದ್ದೇ.

ಒಮ್ಮೆ ಅಳೆದರೆ ಮುಗಿಯಿತೆಂದೂ ಇಲ್ಲ. ಕನ್ನಡಿಯ ಅಲ್ಯೂಮಿನಿಯಂ ಲೇಪ ಮಾಸುತ್ತದೆ. ಇಳಿಸಿ, ಹೊಸ ಲೇಪ ಕೊಟ್ಟು ಮತ್ತೆ ಕೂರಿಸಿದಾಗ ಅದು ಮೊದಲಿನಂತೆಯೇ ಕುಳಿತಿರುವುದಿಲ್ಲ. ಉಪಕರಣ ಬದಲಾದರೆ ತೂಕದ ಹಂಚಿಕೆ ಬದಲಾಗುತ್ತದೆ. ಆದುದರಿಂದ ಪರೀಕ್ಷೆಯ ನಕ್ಷತ್ರಗಳನ್ನು ಮತ್ತೆ ಮತ್ತೆ ನೋಡಬೇಕು. ಅದಕ್ಕೆ ತೆರುವ ಬೆಲೆ ಶುಭ್ರವಾದ ರಾತ್ರಿಯ ಹೊತ್ತು. ತನ್ನ ಸರದಿಗಾಗಿ ತಿಂಗಳುಗಟ್ಟಲೆ ಕಾದ ಸಂಶೋಧಕನಿಗೆ ಅದನ್ನು ಬಿಟ್ಟುಕೊಡುವುದು ಸುಲಭವಲ್ಲ. ಬಿಟ್ಟುಕೊಡದಿದ್ದರೆ ಉಳಿದ ರಾತ್ರಿಗಳನ್ನು ನಂಬುವಂತಿಲ್ಲ.

ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವಿದೆ. 2001ರಲ್ಲಿ ಲೋಕಾರ್ಪಣೆಗೊಂಡ ಅದನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ಉಪಗ್ರಹದ ಮೂಲಕ ನಡೆಸುತ್ತಾರೆ. ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ ಕುಳಿತವರು ಆಜ್ಞೆ ಕಳುಹಿಸುತ್ತಾರೆ. ಹಿಮದ ನಾಡಿನಲ್ಲಿ ಯಂತ್ರ ತಿರುಗಿ ನಿಲ್ಲುತ್ತದೆ. ಅದು ಹೇಳಿದ ನಕ್ಷತ್ರವನ್ನೇ ನೋಡುತ್ತಿದೆಯೆಂಬ ಭರವಸೆಯ ಹಿಂದೆ, ಯಾವ ಆವಿಷ್ಕಾರದ ಪಟ್ಟಿಯಲ್ಲಿಯೂ ಹೆಸರು ಬರದ ಆ ಪರೀಕ್ಷೆಯ ರಾತ್ರಿಗಳಿವೆ.